ಎರಡು ಹಾರ್ನುಗಳ ಸಾಕ್ಷಿ

ಲೆಕ್ಕಪರಿಶೋಧಕರ ವರದಿಯಲ್ಲಿ ಒಂದು ಸಾಲು ಬಂದೇ ಬರುತ್ತದೆ: ಈ ಲೆಕ್ಕಪತ್ರಗಳು ಕಂಪನಿಯ ಸ್ಥಿತಿಗತಿಯ 'ಟ್ರೂ ಅಂಡ್ ಫೇರ್' ಚಿತ್ರವನ್ನು ಕೊಡುತ್ತವೆ. ನಿಜವೂ ನ್ಯಾಯವೂ ಆದ ಚಿತ್ರ ಎಂದು ಕನ್ನಡದಲ್ಲಿ ಹೇಳಬಹುದೇನೋ. ಬ್ರಿಟನ್ನಿನಲ್ಲಿ 1947ರ ಕಾಯ್ದೆ ಬರುವವರೆಗೆ ಈ ಮಾತು 'ಟ್ರೂ ಅಂಡ್ ಕರೆಕ್ಟ್' ಎಂದಿತ್ತು. ಒಂದೊಂದು ಅಂಕಿಯೂ ಸರಿಯಾಗಿದ್ದು ಒಟ್ಟು ಚಿತ್ರ ಮಾತ್ರ ಓದುವವನ ಕಣ್ಣಿಗೆ ಮಣ್ಣೆರಚಬಹುದು. ಅಲ್ಲೊಂದು ಇಲ್ಲೊಂದು ಅಂಕಿ ಬರೀ ಅಂದಾಜಾಗಿದ್ದೂ ಒಟ್ಟು ಚಿತ್ರ ನಂಬಲು ಯೋಗ್ಯವಾಗಿರಬಹುದು. 'ಕರೆಕ್ಟ್' ಹೋಗಿ 'ಫೇರ್' ಬಂದದ್ದರ ಹಿಂದೆ ಇರುವ ತಿಳಿವಳಿಕೆ ಇದು. ನಮ್ಮ ದೇಶದ 1956ರ ಕಂಪನಿ ಕಾಯ್ದೆಯೂ ಅದನ್ನೇ ತೆಗೆದುಕೊಂಡಿತು. ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ ಸಿ.ಎ. ಆರ್ಟಿಕಲ್‌ಶಿಪ್ ಮಾಡುವಾಗ ಈ ಸಾಲನ್ನು ನಾನು ಬಾಯಿಪಾಠ ಮಾಡಿದ್ದೆ. ಇಂಗ್ಲೆಂಡಿಗೆ ಬಂದ ಮೇಲೆ ಹದಿನಾರು ವರ್ಷದಿಂದ ಅದೇ ಸಾಲಿನ ಮೇಲೆ ಅನ್ನ ತಿನ್ನುತ್ತಿದ್ದೇನೆ. ಆದರೆ ಅದರ ಅರ್ಥ ನನ್ನನ್ನು ನಿಜವಾಗಿ ಕಾಡಿದ್ದು ಮನೆಗೆ ಒಂದು ಜೊತೆ ಸ್ಪೀಕರ್ ಕೊಳ್ಳಬೇಕೆಂದು ಹೊರಟಾಗ.

ಈ ಹವ್ಯಾಸದವರು ಬಳಸುವ ಪದ 'ಹೈ ಫಿಡೆಲಿಟಿ'. ಫಿಡೆಲಿಟಿ ಎಂದರೆ ನಿಷ್ಠೆ. ಗಂಡ ಹೆಂಡತಿಗೆ, ಆಳು ಒಡೆಯನಿಗೆ, ಸಾಕ್ಷಿ ನ್ಯಾಯಾಲಯಕ್ಕೆ ತೋರಿಸಬೇಕಾದ ಗುಣವನ್ನು ಒಂದು ಮರದ ಪೆಟ್ಟಿಗೆಗೆ ಅಂಟಿಸಿದ್ದಾರೆ. ಅಂಟಿಸಿದ ಮೇಲೆ ಕೇಳಲೇಬೇಕಲ್ಲ, ಈ ಪೆಟ್ಟಿಗೆ ನಿಷ್ಠವಾಗಿರಬೇಕಾದದ್ದು ಯಾರಿಗೆ? ಹಾಡಿದವರಿಗೋ, ಮುದ್ರಿಸಿದ ತಟ್ಟೆಗೋ, ದುಡ್ಡು ಕೊಟ್ಟು ಕೇಳುವ ನನಗೋ? ಹಾರ್ನ್ ಸ್ಪೀಕರುಗಳ ವಿಷಯದಲ್ಲಿ ಈ ಪ್ರಶ್ನೆ ಮಿಕ್ಕ ಎಲ್ಲ ಸ್ಪೀಕರುಗಳಿಗಿಂತ ಚೂಪಾಗುತ್ತದೆ. ಅದೇಕೆಂದು ಹೇಳಬೇಕಾದರೆ ಹಾರ್ನ್ ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಬೇಕು.

ಹೊಲದ ಆ ಬದುವಿನಲ್ಲಿರುವವನನ್ನು ಕರೆಯುವಾಗ ಎರಡೂ ಕೈಯನ್ನು ಬಾಯಿಯ ಸುತ್ತ ಬಟ್ಟಲು ಮಾಡಿ ಕೂಗುತ್ತೇವೆ. ಕೈ ಹೊಸದಾಗಿ ಯಾವ ಶಕ್ತಿಯನ್ನೂ ಹುಟ್ಟಿಸುವುದಿಲ್ಲ. ಗಂಟಲಿನಿಂದ ಬಂದದ್ದು ಗಾಳಿಗೆ ಸೇರುವ ಜಾಗದಲ್ಲಿ ಆಗುವ ನಷ್ಟವನ್ನು ಕಡಿಮೆ ಮಾಡಿ, ಉಳಿದದ್ದನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ. ಸಾಮಾನ್ಯ ಸ್ಪೀಕರಿನಲ್ಲಿ ಕಾಗದದ ಶಂಕು ನೇರವಾಗಿ ಗಾಳಿಯನ್ನು ತಳ್ಳುತ್ತದೆ. ಶಂಕು ಭಾರ, ಗಾಳಿ ಹಗುರ. ಹತ್ತಿಯ ಮೂಟೆಗೆ ಸುತ್ತಿಗೆಯಿಂದ ಹೊಡೆದ ಹಾಗೆ. 86 ಡೆಸಿಬೆಲ್ ಸೂಕ್ಷ್ಮತೆಯ ಒಂದು ಮಾಮೂಲಿ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ಶಬ್ದವಾಗಿ ಹೊರಬರುವುದು ಸುಮಾರು ಕಾಲು ವ್ಯಾಟ್. ಮಿಕ್ಕದ್ದೆಲ್ಲ ತಂತಿಯ ಸುರುಳಿಯನ್ನು ಕಾಯಿಸಿ ಹೋಗುತ್ತದೆ. ಇಂಥ ಖರ್ಚಿನ ಪಟ್ಟಿ ತಂದ ಕಕ್ಷಿದಾರನಿಗೆ ನಾನು ಮೊದಲು ಅಂಗಡಿ ಮುಚ್ಚು ಎನ್ನುತ್ತೇನೆ. ಶಂಕುವಿನ ಮುಂದೆ ಕ್ರಮವಾಗಿ ಅಗಲವಾಗುವ ಕೊಳವೆಯನ್ನಿಟ್ಟರೆ ಆ ಭಾರ ಮತ್ತು ಈ ಹಗುರದ ನಡುವೆ ಒಬ್ಬ ನಂಬಿಕೆಯ ದಲ್ಲಾಳಿ ನಿಂತಂತಾಗುತ್ತದೆ. ಶೇಕಡಾ ಕಾಲು ಇದ್ದದ್ದು ಶೇಕಡಾ ಹತ್ತು, ಇಪ್ಪತ್ತಕ್ಕೆ ಏರುತ್ತದೆ. ಶಂಕು ಕೂದಲೆಳೆಯಷ್ಟು ಅಲುಗಿದರೆ ಸಾಕು. ಕಡಿಮೆ ಅಲುಗುವುದರಿಂದ ವಿಕಾರವೂ ಕಡಿಮೆ. ಸದ್ದಿಗೂ ನಿಶ್ಶಬ್ದಕ್ಕೂ ನಡುವಿನ ಏರಿಳಿತ ಹಿಂಡಿಹೋಗದೆ, ಇದ್ದದ್ದು ಇದ್ದ ಹಾಗೆ ಬರುತ್ತದೆ. ಆದರೆ ದಲ್ಲಾಳಿ ಎಂದ ಮೇಲೆ ತನ್ನದೊಂದು ದನಿಯನ್ನು ಸೇರಿಸುವ ಭಯವೂ ಇದ್ದದ್ದೇ. ಕೊಡದಲ್ಲಿ ಬಾಯಿಟ್ಟು ಮಾತಾಡಿ ನೋಡಿದವರಿಗೆ ಆ ದನಿ ಗೊತ್ತು.

ಹಳೆಯ ಹಾರ್ನುಗಳು ಹುಟ್ಟಿದ್ದು ಬಡತನದಲ್ಲಿ. 1920ರ ದಶಕದ ಕೊನೆಗೆ ಸಿನಿಮಾ ಮಾತಾಡಲು ಶುರುಮಾಡಿದಾಗ ಆಂಪ್ಲಿಫೈಯರಿನಿಂದ ಸಿಗುತ್ತಿದ್ದದ್ದು ಕೆಲವೇ ವ್ಯಾಟ್. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ದೈತ್ಯ ಹಾರ್ನುಗಳು ಅಷ್ಟರಿಂದಲೇ ಇಡೀ ಚಿತ್ರಮಂದಿರವನ್ನು ತುಂಬಿಸಬೇಕಾಗಿತ್ತು. ಇಂದಿಗೂ ಕೆಲವರು ಪ್ರೀತಿಯಿಂದ ಕೊಳ್ಳುವ 300ಬಿ ಎಂಬ ಒಂಟಿ ವಾಲ್ವು ಕೊಡುವುದು ಸುಮಾರು 8 ವ್ಯಾಟ್. ಅದಕ್ಕೆ ತಕ್ಕ ಜೋಡಿ ಹಾರ್ನ್ ಮಾತ್ರ. ಚಿತ್ರಮಂದಿರದಿಂದ ಮನೆಗೆ ಬರುವಾಗ ತೊಂದರೆ ಬಂದದ್ದು ಗಾತ್ರದ್ದು. 40 ಹರ್ಟ್ಸ್‌ನ ಶಬ್ದದ ಅಲೆ ಎಂಟೂವರೆ ಮೀಟರ್ ಉದ್ದ. ಅದನ್ನು ಸರಿಯಾಗಿ ಹೊರಹಾಕಲು ಹಾರ್ನಿನ ಬಾಯಿಯ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರಬೇಕು; ಎಂದರೆ ಬಾಯಿಯ ಅಗಲ ಎರಡೂಮುಕ್ಕಾಲು ಮೀಟರಿನ ಹತ್ತಿರ. ಇಂಥದ್ದು ಎರಡು ಬಂದರೆ ಮನೆಯವರು ಹೊರಗೆ ಮಲಗಬೇಕು.

ಇದಕ್ಕೆ ಪಾಲ್ ಕ್ಲಿಪ್ಶ್ ಕಂಡುಕೊಂಡ ಉಪಾಯವನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಯುದ್ಧಕಾಲದಲ್ಲಿ ಅಮೆರಿಕದ ಅರ್ಕನ್ಸಾದ ಹೋಪ್ ಎಂಬ ಸಣ್ಣ ಊರಿನಲ್ಲಿ ಸೈನ್ಯದ ಕೆಲಸದಲ್ಲಿದ್ದ ಈ ಎಂಜಿನಿಯರ್, 1946ರಲ್ಲಿ ಅದೇ ಊರಿನಲ್ಲಿ ತನ್ನ ಕ್ಲಿಪ್ಶ್‌ಹಾರ್ನ್ ತಯಾರಿಸಿ ಮಾರತೊಡಗಿದ. ಕೊಳವೆಯನ್ನು ಪೆಟ್ಟಿಗೆಯೊಳಗೆ ಮಡಚಿ, ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ತಳ್ಳಿದ. ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಸೇರುತ್ತವೆ. ಶಬ್ದ ಹರಡಬೇಕಾದ ಜಾಗ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಬಾಯಿಯೂ ಅಷ್ಟೇ ಚಿಕ್ಕದಾದರೆ ಸಾಕು. ಪೆಟ್ಟಿಗೆ ಮುಗಿದಲ್ಲಿಂದ ಗೋಡೆಯೇ ಹಾರ್ನ್ ಆಗುತ್ತದೆ. ಇದ್ದ ಮನೆಯನ್ನೇ ವಾದ್ಯ ಮಾಡಿಕೊಂಡದ್ದು. ಕಂಪನಿ ಹೇಳುವ ಸೂಕ್ಷ್ಮತೆ 105 ಡೆಸಿಬೆಲ್; ಸಾಮಾನ್ಯ ಸ್ಪೀಕರಿಗೆ ಸುಮಾರು ನೂರು ವ್ಯಾಟ್ ಬೇಕಾದಲ್ಲಿ ಇದಕ್ಕೆ ಒಂದು ಸಾಕು. ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಎಪ್ಪತ್ತು ವರ್ಷ ಮೀರಿ ತಯಾರಾಗುತ್ತ ಬಂದಿದೆ. ನಮ್ಮ ವೃತ್ತಿಯಲ್ಲಿ ಎಪ್ಪತ್ತು ವರ್ಷ ಬದಲಾಗದ ನಿಯಮ ಒಂದೂ ಇಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಸಣ್ಣ ಪೆಟ್ಟಿಗೆಯಿಂದ ಆಳವಾದ ಬಾಸ್ ತೆಗೆದು ತೋರಿಸಿದ. 1958ರಲ್ಲಿ ಸ್ಟೀರಿಯೊ ತಟ್ಟೆ ಬಂತು. ಒಂದು ಇದ್ದಲ್ಲಿ ಎರಡು ಸ್ಪೀಕರ್ ಬೇಕಾದವು. ಆಮೇಲೆ ಆಂಪ್ಲಿಫೈಯರಿನ ವ್ಯಾಟ್ ಅಗ್ಗವಾಯಿತು. ಆಂಟನ್ ಹಾಫ್‌ಮನ್ ಹೆಸರಿನ ಒಂದು ನಿಯಮವಿದೆ: ಆಳವಾದ ಬಾಸ್, ಸಣ್ಣ ಪೆಟ್ಟಿಗೆ, ಕಡಿಮೆ ವಿದ್ಯುತ್ತು, ಮೂರರಲ್ಲಿ ಎರಡನ್ನು ಮಾತ್ರ ಕೇಳಬಹುದು. ಜಗತ್ತು ಮೊದಲಿನೆರಡನ್ನು ಕೇಳಿಕೊಂಡಿತು. ಹಾರ್ನ್ ಊರ ಜಾತ್ರೆಗೂ ಕ್ರೀಡಾಂಗಣಕ್ಕೂ ಹೋಯಿತು.

ಹಳೆಯ ಹಾರ್ನುಗಳಿಗೆ ನಿಜವಾದ ದೋಷಗಳೂ ಇದ್ದವು. ಮಡಚಿದ ಬಾಸ್ ಕೊಳವೆಯೊಳಗೆ ಶಬ್ದ ಮೀಟರುಗಟ್ಟಲೆ ಸುತ್ತಿ ಬರಬೇಕು. ಮೇಲಿನ ಸ್ವರಗಳು ಕೆಲವು ಮಿಲಿಸೆಕೆಂಡ್ ಮೊದಲೇ ಬಂದು ಕೂತಿರುತ್ತವೆ. ಬಾಯಿಯ ಅಂಚಿಗೆ ಬಡಿದ ಶಬ್ದ ಗಂಟಲಿಗೆ ಹಿಂದಿರುಗಿ ಮೂಗುದನಿ ಹುಟ್ಟಿಸಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಘಾತೀಯ ಹಾರ್ನ್ ಎನ್ನುವ ಹಳೆಯ ಆಕಾರದಲ್ಲಿ ಸ್ವರ ಏರಿದಂತೆಲ್ಲ ಶಬ್ದದ ಕಿರಣ ಕಿರಿದಾಗುತ್ತದೆ. ನಟ್ಟನಡುವಿನ ಕುರ್ಚಿಯಲ್ಲಿ ಕೂತವನಿಗೆ ಪೂರ್ತಿ ಊಟ; ಸೋಫಾದ ಅಂಚಿನಲ್ಲಿ ಕೂತ ಹೆಂಡತಿಗೆ ತಂಬೂರಿಯ ಮೇಲಿನ ಝೇಂಕಾರವೇ ಇಲ್ಲ. 1975ರಲ್ಲಿ ಡಾನ್ ಕೀಲೆ ಎಂಬ ಎಂಜಿನಿಯರ್, ಘಾತೀಯ ಹಾರ್ನಿನಲ್ಲಿ ಅಂಥ ಪವಿತ್ರವಾದದ್ದು ಏನಿದೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಪ್ರಬಂಧ ಓದಿದ. ಎಲ್ಲ ಸ್ವರಗಳನ್ನೂ ಒಂದೇ ಕೋನದಲ್ಲಿ ಹರಡುವ ಹಾರ್ನ್ ಅವನದು. ನಂತರ ಅರ್ಲ್ ಗೆಡ್ಡೆಸ್, ಜೋರು ಹೆಚ್ಚಿಸುವುದನ್ನು ಮರೆತು ಅಲೆಯನ್ನು ಗಲಾಟೆಯಿಲ್ಲದೆ ನಡೆಸಿಕೊಂಡು ಹೋಗುವ ಆಕಾರ ಯಾವುದು ಎಂದು ಲೆಕ್ಕ ಹಾಕಿದ. ಅದಕ್ಕೆ 'ವೇವ್‌ಗೈಡ್' ಎಂದು ಹೆಸರು. ಹಾರ್ನಿನೊಳಗೆ ಸ್ಪಂಜು ತುಂಬಿ ಅಡ್ಡಾದಿಡ್ಡಿ ಪ್ರತಿಫಲನಗಳನ್ನು ಹೀರಿಸುವುದೂ ಅವನ ಯೋಚನೆಯೇ. ಜರ್ಮನಿಯ ಅವಾಂಟ್‌ಗಾರ್ಡ್‌ನಂಥವರು ಗೋಳಾಕಾರದ, ಬಣ್ಣಬಣ್ಣದ ಹಾರ್ನುಗಳನ್ನು ಮಾಡಿ, ಸಣ್ಣ ಮಾದರಿಗಳಲ್ಲಿ ಬಾಸನ್ನು ಒಳಗೇ ಆಂಪ್ಲಿಫೈಯರ್ ಇರುವ ಬೇರೆ ಪೆಟ್ಟಿಗೆಗೆ ಒಪ್ಪಿಸಿದರು. ಉಳಿದ ಕಾಲದ ವ್ಯತ್ಯಾಸವನ್ನು ಈಗ ಒಂದು ಡಿಜಿಟಲ್ ಚಿಪ್ ಸರಿದೂಗಿಸಬಲ್ಲದು.

ಕೀಲೆಯ ಸಾಧನೆಯಲ್ಲಿ ನಾನು ನೀತಿಯ ಮಾತೊಂದನ್ನು ಕಾಣುತ್ತೇನೆ. ಅವನಿಗೆ ಅದು ಹೊಳೆದಿತ್ತೋ ಇಲ್ಲವೋ. ಹಳೆಯ ಹಾರ್ನ್ ಒಬ್ಬ ಯಜಮಾನನನ್ನು ಊಹಿಸಿಕೊಂಡಿದೆ. ಹೊಸದು ಪಂಕ್ತಿಯನ್ನು ಊಹಿಸಿಕೊಂಡಿದೆ. ಪಂಕ್ತಿಯಲ್ಲಿ ಕೊನೆಗೆ ಕೂತವನ ಎಲೆಗೂ ತುಪ್ಪ ಬೀಳಬೇಕು.

ಈಗ ನಾನು ಕೇಳಿದ ಎರಡು ಜೋಡಿಗಳ ವಿಷಯ. ವೇಲ್ಸ್‌ನಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದಾರೆ, ಕಚೇರಿಯ ಕೆಲಸದಿಂದ ಪರಿಚಯವಾದವರು. ಅವರ ಕಲ್ಲಿನ ಮನೆಯಲ್ಲಿ, ಬಾಗಿಲು ಮುಚ್ಚಿದ ಒಂದು ಚಿತ್ರಮಂದಿರದಿಂದ ತಂದ ಹಳೆಯ ಹಾರ್ನುಗಳಿವೆ. ಬೀರುವಿನಷ್ಟು ಎತ್ತರ, ಮೇಲೆ ಕಪ್ಪು ಲೋಹದ ಬಾಯಿ. ಇನ್ನೊಂದು, ಯೂರೋಪಿನ ಒಬ್ಬ ಕುಶಲಕರ್ಮಿ ಮಾಡುವ ಹೊಸ ಬಗೆಯ ಜೋಡಿ. ಹನ್ನೆರಡು ಅಂಗುಲದ ಶಂಕು, ಮೇಲೊಂದು ದುಂಡನೆಯ ವೇವ್‌ಗೈಡ್, ಸೂಕ್ಷ್ಮತೆ 94 ಡೆಸಿಬೆಲ್. ಎರಡರಲ್ಲೂ ನಾನು ಹಾಕಿಸಿ ಕೇಳಿದ್ದು ಗಂಗೂಬಾಯಿ ಹಾನಗಲ್ ಅವರ ಶುದ್ಧ ಕಲ್ಯಾಣ, ಹಳೆಯ ಮೊನೊ ಮುದ್ರಣ. ಅಂಗಡಿಯವರು ಇಟ್ಟುಕೊಳ್ಳುವ ಪಿಯಾನೊ, ಗಾಜು ಒಡೆಯುವ ಸದ್ದು ಇವುಗಳಿಂದ ನನಗೆ ಏನೂ ತಿಳಿಯುವುದಿಲ್ಲ.

ಗಂಗೂಬಾಯಿಯವರ ದನಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಲು ಬರುವುದಿಲ್ಲ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಮೊದಲ ತಟ್ಟೆಗಳಲ್ಲಿ ದನಿ ತೆಳು, ಎತ್ತರ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಇಳಿಯಿತು, ದಪ್ಪವಾಯಿತು. ಸವಾಯಿ ಗಂಧರ್ವರ ಶಿಷ್ಯೆ ಆ ಹೊಸ ದನಿಯನ್ನೇ ಒಪ್ಪಿಕೊಂಡು ಹಾಡಿದರು. ಗಂಡಸಿನದು ಎಂದು ಮೇಲುಮೇಲಕ್ಕೆ ಕೇಳುವವರಿಗೆ ಅನ್ನಿಸಬಹುದು. ಕಿವಿ ಇಟ್ಟು ಕೇಳಿದರೆ ಯಾವ ಗಂಡಸಿನದೂ ಹಾಗಿಲ್ಲ. ಆ ದನಿಯ ಗುರುತು ಇರುವುದೇ ನಡುವಿನ ಒಂದು ಕಿರಿದಾದ ಪಟ್ಟಿಯಲ್ಲಿ. ಹಾರ್ನುಗಳು ತಮ್ಮ ದನಿಯನ್ನು ಸೇರಿಸುವುದೂ ಅದೇ ಪಟ್ಟಿಯಲ್ಲಿ.

ವೇಲ್ಸ್‌ನ ಹಾರ್ನುಗಳಲ್ಲಿ ಅವರು ಎದ್ದು ಬಂದು ಎದುರಿಗೆ ಕೂತರು. ತಾನು ಹೊರಟಾಗ ನನ್ನ ಪಕ್ಕೆಲುಬು ಅದುರಿತು. ತಬಲಾದ ಎಡಗೈ ಪೆಟ್ಟು ನೆಲದಿಂದ ಬಂತು. ಇಷ್ಟು ಬಲ, ಇಷ್ಟು ಸಲೀಸು ನಾನು ಯಾವ ಪೆಟ್ಟಿಗೆಯಿಂದಲೂ ಕೇಳಿರಲಿಲ್ಲ. ಆದರೆ ದನಿಗೆ ಒಂದು ತಗಡಿನ ಕವಚ ತೊಡಿಸಿದಂತಿತ್ತು. ಆ-ಕಾರವೆಲ್ಲ ಸ್ವಲ್ಪ ಮೂಗಿನ ಕಡೆಗೆ ವಾಲಿತ್ತು. ಹೊಸ ಜೋಡಿಯಲ್ಲಿ ಅವರು ನಾಲ್ಕು ಹೆಜ್ಜೆ ಹಿಂದೆ, ಗಾತ್ರದಲ್ಲಿ ಸಣ್ಣವರು. ಆದರೆ ಉಸಿರು ಎಲ್ಲಿ ತೆಗೆದರು, ಸ್ವರದ ಒರಟು ಎಲ್ಲಿ ನುಣುಪಾಯಿತು, ಎಲ್ಲ ಕೇಳಿತು. ನನ್ನ ಹದಿಮೂರು ವರ್ಷದ ಮಗಳು ಎರಡು ಕಡೆಯೂ ಜೊತೆಗಿದ್ದಳು. ವೇಲ್ಸ್‌ನಲ್ಲಿ ಕೇಳಿದಳು, "ಅಪ್ಪಾ, ಈ ಅಜ್ಜ ಯಾರು?" ಹೊಸ ಜೋಡಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರು ಅಜ್ಜನೋ ಅಜ್ಜಿನೋ?" ಎಂದಳು.

ನನಗೆ ಹೆಚ್ಚು ಹಿಡಿಸಿದ್ದು ವೇಲ್ಸ್‌ನದು. ಇದನ್ನು ಹೇಳುವುದಕ್ಕೆ ಸಂಕೋಚವೇನಿಲ್ಲ. ನನ್ನ ಮನೆ, ನನ್ನ ದುಡ್ಡು, ನನ್ನ ಕಿವಿ. ಸುಳ್ಳಾದರೂ ಚೆಂದದ ಸುಳ್ಳು ಎಂದುಕೊಂಡು ಕೇಳುವುದರಲ್ಲಿ ಯಾರಿಗೇನು ನಷ್ಟ? ತನ್ನ ಮನೆಖರ್ಚಿನ ಪುಸ್ತಕದಲ್ಲಿ ಯಾರು ಏನು ಬರೆದುಕೊಂಡರೂ ಆಡಿಟರ್ ಕೇಳುವುದಿಲ್ಲ. ಆಡಿಟ್ ಬೇಕಾಗುವುದು ಹೊರಗಿನವರೊಬ್ಬರು ಆ ಪುಸ್ತಕವನ್ನು ನಂಬಿ ನಡೆಯುವಾಗ: ಷೇರು ಕೊಂಡವರು, ಸಾಲ ಕೊಟ್ಟವರು, ಒಳಗೆ ಹೋಗಿ ಸ್ವತಃ ಎಣಿಸಿ ನೋಡಲಾರದವರು.

ಮಗಳ ಪ್ರಶ್ನೆ ನನ್ನನ್ನು ನಿಲ್ಲಿಸಿದ್ದು ಅಲ್ಲಿ. ಅವಳು ಹುಟ್ಟಿದ್ದು ಇಲ್ಲಿ. ಗಂಗೂಬಾಯಿಯವರು 2009ರಲ್ಲಿ ತೀರಿಕೊಂಡರು. ಧಾರವಾಡದ ಕಡೆಯ ಗಾಯನವೆಂದರೆ ಏನು ಎಂಬುದಕ್ಕೆ ಅವಳಿಗೆ ಸಿಗುವ ಸಾಕ್ಷಿ ನಮ್ಮ ಹಜಾರದ ಪೆಟ್ಟಿಗೆಯೊಂದೇ. ನಾನು ಕೇಳುವಾಗ ತಗಡಿನ ಕವಚವನ್ನು ಮನಸ್ಸಿನಲ್ಲೇ ಕಳೆದುಬಿಡುತ್ತೇನೆ, ಏಕೆಂದರೆ ನನ್ನ ಬಳಿ ಹೋಲಿಸಿ ನೋಡಲು ಇನ್ನೊಂದು ಪ್ರತಿ ಇದೆ. ಅವಳ ಬಳಿ ಇಲ್ಲ. ಕಾಯ್ದೆಯ ಭಾಷೆಯಲ್ಲಿ ಹೇಳುವುದಾದರೆ ಅವಳು ಹೊರಗಿನ ಓದುಗಳು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ನಾವೆಲ್ಲ ಭಾಷೆ, ಹಬ್ಬ, ಊಟ ಎಲ್ಲದರಲ್ಲೂ ಇಂಥ ಲೆಕ್ಕಪತ್ರ ತಯಾರಿಸಿ ಕೊಡುತ್ತಲೇ ಇದ್ದೇವೆ. ಅವರು ನಂಬಿ ಸಹಿ ಹಾಕುತ್ತಾರೆ.

ಅದಿರಲಿ, ನನ್ನ ಬಳಿ ಇರುವ ಪ್ರತಿಯಾದರೂ ಮೂಲವೇ? ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತಕ್ಕೆ ಕಾಲೇಜಿನ ದಿನಗಳಲ್ಲಿ ಹೋಗಿದ್ದೆ. ಒಳಗೆ ಜಾಗವಿರಲಿಲ್ಲ. ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದ ಅಲ್ಯೂಮಿನಿಯಂ ತುತ್ತೂರಿಯ ಕೆಳಗೆ ಜಮಖಾನೆಯ ಮೇಲೆ ಕೂತು ಗಂಗೂಬಾಯಿಯವರನ್ನು ಕೇಳಿದೆ. ಆ ತುತ್ತೂರಿಯೂ ಹಾರ್ನೇ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದು ಅದರಲ್ಲಿ ಹೆಚ್ಚೇನೂ ದಾಟುವುದಿಲ್ಲ, ಮೇಲೆಯೂ ಬೇಗ ಮುಗಿಯುತ್ತದೆ. ಮೈಕ್ ಇಲ್ಲದ ಅವರ ಕಂಠವನ್ನು ನಾನು ಒಮ್ಮೆಯೂ ಕೇಳಿಲ್ಲ. ವೇಲ್ಸ್‌ನಲ್ಲಿ ನನ್ನ ಮೈ ಜುಮ್ಮೆಂದದ್ದರಲ್ಲಿ ಎಷ್ಟು ಪಾಲು ಗಂಗೂಬಾಯಿಯವರದು, ಎಷ್ಟು ಆ ಬೇವಿನ ಮರದ್ದು ಎಂದು ಬೇರ್ಪಡಿಸಿ ಕೊಡಿ ಎಂದರೆ ನನ್ನಿಂದ ಆಗದು. ಇನ್ನೂ ಹಿಂದೆ ಹೋದರೆ, 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದು ಮೈಕಿಗಲ್ಲ; ಹಾರ್ನಿನ ಬಾಯೊಳಗೆ. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬರುವವರೆಗೆ ಹಾಡುವವರು ಒಂದು ಹಾರ್ನಿನೊಳಗೆ ಕೂಗಬೇಕು, ಕೇಳುವವರು ಇನ್ನೊಂದು ಹಾರ್ನಿನ ಮುಂದೆ ಕೂರಬೇಕು. ಆ ತಟ್ಟೆಗಳಿಗೆ ಹಾರ್ನಿನ ಮೂಗುದನಿಯೇ ಹುಟ್ಟುಗುಣ.

ಹಾಗಾದರೆ ಮೂಲವೇ ಇಲ್ಲ, ಯಾವುದನ್ನು ಕೇಳಿದರೂ ಒಂದೇ ಎಂದು ವಾದಿಸುವ ಗೆಳೆಯರಿದ್ದಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ದಾಸ್ತಾನನ್ನು ಕೊನೆಯ ಕಾಳಿನವರೆಗೆ ಎಣಿಸಲಾಗದು ಎಂಬುದು, ಎಷ್ಟು ಬೇಕಾದರೂ ಬರೆದುಕೊಳ್ಳಲು ಪರವಾನಗಿಯಲ್ಲ. ಇನ್ನೊಂದು ಕಡೆಯವರು ಅಳತೆಯ ನಕ್ಷೆ ತೋರಿಸಿ, ಗೆರೆ ನೇರವಾಗಿದೆ, ಇನ್ನು ಮಾತೇನು ಎನ್ನುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಗೆರೆ ಹೇಳುವುದು ಯಾವ ಸ್ವರ ಎಷ್ಟು ಎಂಬುದನ್ನು. ಮುದುಕಿಯೊಬ್ಬರು ಕೂತಲ್ಲಿಂದ ಅಲುಗದೆ ಇಡೀ ಅಂಗಳವನ್ನು ತುಂಬಿಬಿಡುತ್ತಿದ್ದರು ಎಂಬುದು ಅದರಲ್ಲಿಲ್ಲ. ಆ ಬಲವೂ ಅವರ ಗಾಯನದ ಸತ್ಯದ ಒಂದು ಭಾಗ. ಅದರ ಮಟ್ಟಿಗೆ ವೇಲ್ಸ್‌ನ ಹಾರ್ನ್ ಹೆಚ್ಚು ನಿಜ ಹೇಳಿತು, ಹೊಸದು ತಗ್ಗಿಸಿ ಹೇಳಿತು.

ನಮ್ಮಲ್ಲಿ 'ಮೆಟೀರಿಯಾಲಿಟಿ' ಎಂಬ ಮಾತಿದೆ. ಎಲ್ಲ ತಪ್ಪೂ ತಪ್ಪೇ, ಆದರೆ ಓದುವವನ ತೀರ್ಮಾನವನ್ನು ಬದಲಿಸುವ ತಪ್ಪು ಬೇರೆ ದರ್ಜೆಯದು. ದನಿಯ ಬಣ್ಣವೋ, ದನಿಯ ಬಲವೋ, ಯಾವುದು ಕೆಟ್ಟರೆ ಮಗಳ ತೀರ್ಮಾನ ಕೆಡುತ್ತದೆ? ಬಹಳ ದಿನ ತೂಗಿ ನೋಡಿದೆ. ಕೊನೆಗೆ ನನಗೆ ದಾರಿ ತೋರಿಸಿದ್ದು ಬಹಳ ಸಾಮಾನ್ಯವಾದ ಒಂದು ಸಂಗತಿ. ಬಲವನ್ನು ಮಾತಿನಲ್ಲಿ ಹೇಳಬಹುದು. "ಅವರು ತಾನು ತಗೊಂಡ್ರ ಹೊರಗ ಕೂತ ನಮ್ಮ ಎದಿ ನಡುಗತಿತ್ತು" ಎಂದರೆ ಮಗಳಿಗೆ ಅರ್ಥವಾಗುತ್ತದೆ, ಉಳಿದದ್ದನ್ನು ಊಹಿಸಿಕೊಳ್ಳುತ್ತಾಳೆ. ದನಿಯ ಬಣ್ಣವನ್ನು ಹಾಗೆ ಹೇಳಲು ಆಗುವುದಿಲ್ಲ. ಹಣ್ಣಿನ ರುಚಿಯ ಹಾಗೆ ಅದು. ನಾಲಿಗೆಯ ಮೇಲೆ ಇಡಬೇಕು. ಲೆಕ್ಕಪತ್ರದಲ್ಲಿ ಬಾರದ್ದನ್ನು ಅಡಿಯಲ್ಲಿ ಟಿಪ್ಪಣಿಯಾಗಿ ಬರೆಯಬಹುದು. ತಪ್ಪಾಗಿ ಬಂದ ಅಂಕಿಯನ್ನು ಟಿಪ್ಪಣಿಯಿಂದ ಸರಿಮಾಡಲು ಬಾರದು.

ಹೊಸ ಜೋಡಿಯನ್ನೇ ತಂದೆ. ಮನೆಯೂ ಅದನ್ನೇ ಕೇಳುತ್ತಿತ್ತು ಎನ್ನಬೇಕು. ನಮ್ಮದು ಇಲ್ಲಿನ ಸಾಮಾನ್ಯ ಜೋಡಿಮನೆ. ಹಜಾರದ ಒಂದು ಮೂಲೆಯಲ್ಲಿ ಹೀಟರ್, ಇನ್ನೊಂದರಲ್ಲಿ ಬಾಗಿಲು, ನಡುವೆ ಹೊಗೆಗೂಡಿನ ಉಬ್ಬು. ಗೋಡೆಯಾಚೆ ಎಂಬತ್ತು ದಾಟಿದ ಒಬ್ಬ ಹೆಂಗಸು ಒಂಟಿಯಾಗಿದ್ದಾರೆ. ಅವರ ಗೋಡೆಯನ್ನು ನನ್ನ ಹಾರ್ನಿನ ಬಾಯಿ ಮಾಡಿಕೊಳ್ಳುವ ಹಕ್ಕು ನನಗೆ ಎಲ್ಲಿಂದ ಬರಬೇಕು? ಕಡಿಮೆ ಸದ್ದಿನಲ್ಲೂ ಹಾಡಿನ ಏರಿಳಿತ ಉಳಿಯುತ್ತದೆ ಎಂಬುದು, ಹಳೆಯದಾಗಲಿ ಹೊಸದಾಗಲಿ, ಹಾರ್ನಿನ ದೊಡ್ಡ ಗುಣ. ರಾತ್ರಿ ಹತ್ತಕ್ಕೂ ತಂಬೂರಿ ಸ್ಪಷ್ಟವಾಗಿ ಕೇಳುತ್ತದೆ. ಸೋಫಾದ ಮೂರೂ ಜಾಗಕ್ಕೆ ಒಂದೇ ರೀತಿ ಕೇಳುತ್ತದೆ ಎಂದು ನನ್ನ ಹೆಂಡತಿ ಪ್ರಮಾಣಪತ್ರ ಕೊಟ್ಟಿದ್ದಾಳೆ.

ಹೊಸ ಆಂಪ್ಲಿಫೈಯರಿನ ಚಿಪ್ಪಿನಲ್ಲಿ ನಮಗೆ ಬೇಕಾದ ಹಾಗೆ ಧ್ವನಿಯನ್ನು ತಿದ್ದಿ ಉಳಿಸಿಕೊಳ್ಳಲು ನಾಲ್ಕು ಗುಂಡಿಗಳಿವೆ. ಮೊದಲನೆಯದರಲ್ಲಿ ಯಾವ ತಿದ್ದುಪಡಿಯೂ ಇಲ್ಲ. ಎರಡನೆಯದರಲ್ಲಿ ಒಂದು ರಾತ್ರಿ ಕೂತು 300 ಹರ್ಟ್ಸ್‌ನ ಕೆಳಗೆ ಕತ್ತರಿಸಿ, ಮೇಲೆಯೂ ಕತ್ತರಿಸಿ, ನಡುವೆ ಒಂದು ಗೂನು ಎಬ್ಬಿಸಿದೆ. ಅಳತೆಯ ನಕ್ಷೆಯಲ್ಲಿ ಅದು ನಾಚಿಕೆಗೇಡು. ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿ 'ಕುಂದಗೋಳ' ಎಂದು ಬರೆದಿಟ್ಟಿದ್ದೇನೆ, ಒತ್ತುವವರಿಗೆ ಏನು ಒತ್ತುತ್ತಿದ್ದೇವೆ ಎಂದು ತಿಳಿಯಲಿ ಎಂದು. ಅದು ಏನೆಂದು ಮಗಳು ಕೇಳಿದಳು, ಬೇವಿನ ಮರದ ಕಥೆ ಹೇಳಿದೆ. ಈಗ ಹಾಡು ಮೊದಲನೆಯದರಲ್ಲಿ ಅರ್ಧ ಮುಗಿದಾಗ ಎದ್ದುಹೋಗಿ ಎರಡನೆಯದನ್ನು ಒತ್ತಿ, ನನ್ನ ಮುಖ ನೋಡುತ್ತಾಳೆ.